ಕಚ್ಚಿನ ಮೇಲಿನ ಕಪ್ಪು ಟೇಪು

ಮಗಳ ಆಪರೇಷನ್ ನಾಲ್ಕು ಗಂಟೆಗೆ. ಈಗ ಮೂರು ದಾಟಿ ಹತ್ತು ನಿಮಿಷ. ಆಸ್ಪತ್ರೆಯಲ್ಲಿರಬೇಕಾದ ತಾಯಿ ದರ್ಜಿ ಅಂಗಡಿಯೊಂದರ ಮೂಲೆಯಲ್ಲಿ, ಮಗಳಿಗಿಂತ ಹೆಚ್ಚು ವಯಸ್ಸಾದ ಕಂಪ್ಯೂಟರಿನ ಮುಂದೆ ಕೂತಿದ್ದಳು. ಮನೆಗೆ ಹೋಗಿ ಬಟ್ಟೆ ತರುತ್ತೇನೆಂದು ಗಂಡನಿಗೆ ಹೇಳಿ ಬಂದಿದ್ದಳು. ಅದು ಆ ದಿನದ ಎರಡನೆಯ ಸುಳ್ಳು.

ಮೊದಲನೆಯದನ್ನು ಬೆಳಿಗ್ಗೆ ಹೇಳಿದ್ದಳು. ಮಗಳಿಗೆ ಐದು ವರ್ಷವಿದ್ದಾಗ ಯಾವುದೋ ಇಂಜೆಕ್ಷನ್ ಒಗ್ಗದೆ, ಗಂಟಲು ಊದಿ, ಜೀವ ಹೋಗಿ ಬಂದಂತಾಗಿತ್ತು. ಅದು ಯಾವ ಔಷಧಿ ಎಂದು ಸರ್ಜನ್ ಕೇಳಿದ. ಅಂದಿನ ಡಾಕ್ಟರು ಬರೆದುಕೊಟ್ಟ ಚೀಟಿ ಮನೆ ಬದಲಿಸುವಾಗ ಎಲ್ಲೋ ಕಳೆದುಹೋಗಿತ್ತು. ಗಂಡ, ನಾದಿನಿ, ನರ್ಸು ಎಲ್ಲರೂ ಅವಳ ಮುಖವನ್ನೇ ನೋಡುತ್ತಿದ್ದರು. ಹೆತ್ತವಳಿಗೇ ಗೊತ್ತಿಲ್ಲವೆಂದರೆ ಹೇಗೆ? ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು: ಸಲ್ಫಾ. ಸರ್ಜನ್ ಬರೆದುಕೊಂಡು, ಹಾಗಾದರೆ ಪೆನ್ಸಿಲಿನ್ ಕೊಡೋಣ ಎಂದು ಹೊರಟುಹೋದ.

ಅಂದಿನ ಡಾಕ್ಟರು ತೀರಿಕೊಂಡು ಹನ್ನೊಂದು ವರ್ಷ. ಅವರ ಬಳಿ ಕಾಂಪೌಂಡರ್ ಆಗಿದ್ದವಳು ಅವರ ತಂಗಿಯೇ. ಎಲ್ಲರ ಬಾಯಲ್ಲೂ ಕಾಂಪೌಂಡರಕ್ಕ. ಈಗ ಅದೇ ಕ್ಲಿನಿಕ್ಕಿನಲ್ಲಿ ಹೊಲಿಗೆ ಮೆಷಿನ್ ಹಾಕಿಕೊಂಡಿದ್ದಳು. ಅಣ್ಣನ ಕಂಪ್ಯೂಟರನ್ನು ಮಾತ್ರ ಯಾರಿಗೂ ಕೊಟ್ಟಿರಲಿಲ್ಲ. ರೋಗಿಗಳ ವಿವರವೆಲ್ಲ ಇದ್ದದ್ದು ಅದರ ಡಿಸ್ಕುಗಳಲ್ಲಿ. ಅಂಗೈಗಿಂತ ಅಗಲವಾದ, ಬೀಸಣಿಗೆಯಂತೆ ಬಾಗುವ ಕಪ್ಪು ಡಿಸ್ಕುಗಳು. ಒಂದೊಂದಕ್ಕೂ ಇದ್ದದ್ದು ಒಂದೇ ಪ್ರತಿ.

ಮಗಳ ಆ ವರ್ಷದ ಡಿಸ್ಕನ್ನು ಅಕ್ಕ ಹುಡುಕಿ ಕೊಟ್ಟಳು. ಯಂತ್ರ ಕೆಮ್ಮುತ್ತ ಎದ್ದು, ತಾಯಿಯನ್ನು ಇಂದಿನ ತಾರೀಖು ಕೇಳಿತು. ಹೊಡೆದಳು. ಡಿಸ್ಕಿಗೆ ರಕ್ಷಣೆಯಿದೆ, ಬರೆಯಲಾಗದು ಎಂಬರ್ಥದ ಇಂಗ್ಲಿಷ್ ಸಾಲು ಬಂದು ಅಲ್ಲೇ ನಿಂತಿತು. ಮತ್ತೆ ಹೊಡೆದಳು. ಮತ್ತೆ ಅದೇ ಸಾಲು. ದಿನದ ತಾರೀಖನ್ನು ಡಿಸ್ಕಿನ ಮೇಲೆ ಬರೆದುಕೊಳ್ಳದೆ ಡಾಕ್ಟರರ ಪ್ರೋಗ್ರಾಮ್ ಬಾಗಿಲೇ ತೆರೆಯುತ್ತಿರಲಿಲ್ಲ.

ಡಿಸ್ಕಿನ ಅಂಚಿನಲ್ಲಿ ಚೌಕಾಕಾರದ ಒಂದು ಕಚ್ಚು. ಅದರ ಮೇಲೆ ಕಪ್ಪು ಟೇಪು. ತಾಯಿಗೆ ಗೊತ್ತಿದ್ದದ್ದು ಆಮೇಲೆ ಬಂದ ಚಿಕ್ಕ, ಗಟ್ಟಿ ಡಿಸ್ಕುಗಳು. ಅವುಗಳ ತೂತು ಮುಚ್ಚಿದರೆ ಬರೆಯಬಹುದು. ಆ ಲೆಕ್ಕದಲ್ಲಿ ಟೇಪು ಸಡಿಲವಾಗಿರಬೇಕೆಂದು ಒತ್ತಿ ಒತ್ತಿ ಕೂರಿಸತೊಡಗಿದಳು.

"ಉಲ್ಟಾ ಮಾಡ್ತಿದೀಯ ಕಣೆ," ಎಂದಳು ಅಕ್ಕ. "ಇದರಲ್ಲಿ ಟೇಪು ಅಂದ್ರೆ ಬೀಗ. ಅಣ್ಣ ದಿನಾ ಸಂಜೆ ಅಂಟಿಸೋರು, ಬೆಳಿಗ್ಗೆ ನಾನು ಕೀಳ್ತಿದ್ದೆ."

ಕೀಳಲು ಉಗುರು ಇಟ್ಟ ತಾಯಿ ಹಾಗೇ ನಿಂತಳು. ಬೀಗ ತೆಗೆದ ಮೇಲೆ ಈ ಯಂತ್ರ ಬರೆದೇ ಬರೆಯುತ್ತದೆ. ಹನ್ನೊಂದು ವರ್ಷ ಮಲಗಿದ್ದದ್ದು, ತಾರೀಖಿನ ಜಾಗದಲ್ಲೇ ಬರೆದೀತೆಂದು ಏನು ಖಾತರಿ? ಮಗಳ ವಿವರದ ಮೇಲೇ ಗೀಚಿಬಿಟ್ಟರೆ? ಅವಳು ಟೇಪು ಬಿಟ್ಟು, ಮೊದಲು ಬರೆಸಿ ನೋಡಲು ಖಾಲಿ ಡಿಸ್ಕೊಂದನ್ನು ಕೇಳಿದಳು. ಅಕ್ಕ ಗುಂಡಿ ಡಬ್ಬಿಯ ತಳದಿಂದ ಒಂದನ್ನು ಎಳೆದುಕೊಟ್ಟಳು. ಅದಕ್ಕೆ ಟೇಪೇ ಇರಲಿಲ್ಲ. ಹಾಕಿ ನೋಡಿದರೆ, ಅದಕ್ಕೂ ರಕ್ಷಣೆಯಿದೆ ಎಂದಿತು ಯಂತ್ರ.

ಅಷ್ಟರಲ್ಲಿ ಫೋನು. ಸರ್ಜನ್ ಬೇಗ ಬಂದಿದ್ದಾರೆ, ಇಂಜೆಕ್ಷನ್ ಇನ್ನು ಕಾಲು ಗಂಟೆಗೆಲ್ಲ ಕೊಡುತ್ತಾರಂತೆ, ಮಗಳು ಅಮ್ಮ ಎಲ್ಲಿ ಎನ್ನುತ್ತಿದ್ದಾಳೆ ಎಂದ ಗಂಡ. ಹೇಳಿಬಿಡಬೇಕೆಂದು ಬಾಯಿ ತೆರೆದಳು. ಹೊರಬಿದ್ದದ್ದು ಬೇರೆ ಮಾತು. ಬರ್ತಿದೀನಿ ಎಂದಳು. ಹತ್ತು ನಿಮಿಷ. ಅಷ್ಟರಲ್ಲಿ ತೆರೆಯದಿದ್ದರೆ ನಿಜ ಹೇಳಲೇಬೇಕು.

ತೊಂದರೆ ಡಿಸ್ಕಿನದಲ್ಲ ಎಂದು, ಅದನ್ನು ಓದುವ ಡ್ರೈವಿನ ಮುಚ್ಚಳ ಬಿಚ್ಚಿದಳು. ಒಳಗೆ ಕಂಡದ್ದು ಪರಿಚಯದ್ದೇ. ಪ್ರಿಂಟರ್ ರಿಪೇರಿ ಅಂಗಡಿಯ ಕೆಲಸದಲ್ಲಿ ದಿನಾ ಒರೆಸುವಂಥದ್ದು: ಕೆಳಗೊಂದು ಪುಟ್ಟ ದೀಪ, ಮೇಲೊಂದು ಕಣ್ಣು. ಕಚ್ಚು ತೆರೆದಿದ್ದರೆ ಬೆಳಕು ಕಣ್ಣಿಗೆ ತಲುಪುತ್ತದೆ, ಮುಚ್ಚಿದ್ದರೆ ಇಲ್ಲ. ಇಲ್ಲಿ ಎರಡರ ನಡುವೆ ನೀಲಿ, ಕೆಂಪು, ಹಳದಿ ನೂಲಿನ ಜೂಲು ಉಂಡೆಗಟ್ಟಿ ಕೂತಿತ್ತು. ಹನ್ನೊಂದು ವರ್ಷದ ಹೊಲಿಗೆಯ ಜೂಲು. ಬೆಳಕೇ ಹಾಯದೆ, ಎಲ್ಲ ಡಿಸ್ಕಿಗೂ ಬೀಗವಿದೆಯೆಂದು ಯಂತ್ರ ತಿಳಿದಿತ್ತು.

"ನನ್ನ ಅಂಗಡಿಯನ್ನೇ ತಿಂದು ಕೂತಿದೆ ಹಾಳಾದ್ದು," ಎಂದು ಅಕ್ಕ ಮೆಷಿನ್ ಒರೆಸುವ ಬ್ರಷ್ ಕೊಟ್ಟಳು.

ತಾಯಿ ಉಸಿರು ಬಿಗಿಹಿಡಿದು ಜೂಲು ತೆಗೆದಳು. ಖಾಲಿ ಡಿಸ್ಕಿನ ಮೇಲೆ ಒಂದು ಸಾಲು ಬರೆಸಿ, ತೆಗೆದು, ಮತ್ತೆ ಹಾಕಿ ಓದಿಸಿದಳು. ಸಾಲು ಹಾಗೇ ಇತ್ತು. ಆದರೂ ನಿಜವಾದ ಡಿಸ್ಕಿನ ಟೇಪು ಕೀಳುವಾಗ ಗಾಯದ ಪಟ್ಟಿ ಕಿತ್ತಂತೆ ಮೈ ಜುಮ್ಮೆಂದಿತು. ತಾರೀಖು ಹೊಡೆದಳು.

ಡ್ರೈವು ಗೊರಗೊರ ಎಂದಿತು. ಪರದೆ ಪೂರ್ತಿ ಕಪ್ಪಾಯಿತು. ಅಕ್ಕನ ಕಾಲು ಹೊಲಿಗೆ ಪೆಡಲಿನ ಮೇಲೇ ನಿಂತುಬಿಟ್ಟಿತು. ಹೋಯಿತು, ಎಲ್ಲ ನನ್ನ ಕೈಯಾರೆ ಹೋಯಿತು ಎಂದು ತಾಯಿ ಅಂದುಕೊಳ್ಳುವಷ್ಟರಲ್ಲಿ ಮೇಲಿನಿಂದ ಒಂದೊಂದೇ ಹಸಿರು ಸಾಲು ಇಳಿಯತೊಡಗಿತು.

ಮಗಳ ಹೆಸರು ಹೊಡೆದಳು. ವಯಸ್ಸು ಐದು. ಕೆಮ್ಮು, ಜ್ವರ. ಅದರ ಕೆಳಗೆ ದಪ್ಪ ಅಕ್ಷರದಲ್ಲಿ: ಪೆನ್ಸಿಲಿನ್ ಯಾವತ್ತೂ ಕೊಡಕೂಡದು.

ಅವಳು ಓದಿದ್ದನ್ನೇ ಇನ್ನೊಮ್ಮೆ ಓದಿದಳು. ಗಂಡನಿಗೆ ಫೋನು ಮಾಡಿದಳು. ಫೋನು ಹೊಡೆದುಕೊಂಡಿತು, ಹೊಡೆದುಕೊಂಡಿತು, ನಿಂತಿತು. ಮತ್ತೆ ಮಾಡಿದಳು. ಆರನೆಯ ರಿಂಗಿಗೆ ಗಂಡ ಎತ್ತಿದ.

"ರೀ, ಇಂಜೆಕ್ಷನ್ ನಿಲ್ಲಿಸಿ. ಅವಳಿಗೆ ಆಗದೇ ಇರೋದು ಪೆನ್ಸಿಲಿನ್ನೇ."

"ಬೆಳಿಗ್ಗೆ ಸಲ್ಫಾ ಅಂದ್ಯಲ್ಲೇ."

"ಗೊತ್ತಿರ್ಲಿಲ್ಲ. ಸುಮ್ನೆ ಅಂದೆ. ಓಡಿ."

ಅವನು ಫೋನ್ ಇಡಲಿಲ್ಲ. ಚಪ್ಪಲಿ ಪಟಪಟ ಬಡಿಯುವ ಸದ್ದು, ಯಾವುದೋ ಬಾಗಿಲು, ಯಾರೋ ಹೆಂಗಸು ಒಳಗೆ ಬಿಡುವುದಿಲ್ಲ ಎನ್ನುವುದು, ಅವನು ಮಗಳ ಹೆಸರು ಹಿಡಿದು ಕೂಗುವುದು. ಆಮೇಲೆ ಏನೂ ಇಲ್ಲ. ಆ ಏನೂ ಇಲ್ಲದ್ದನ್ನು ತಾಯಿ ಕಿವಿಗೆ ಒತ್ತಿಕೊಂಡು ನಿಂತಳು. ಅಕ್ಕ ಬಂದು ಬೆನ್ನ ಮೇಲೆ ಕೈ ಇಟ್ಟದ್ದೂ ಗೊತ್ತಾಗಲಿಲ್ಲ.

"ಸಿರಿಂಜಿಗೆ ತುಂಬಿಟ್ಟಿದ್ರು," ಎಂದ ಗಂಡ ಕೊನೆಗೆ. ಏದುಸಿರು. "ಕೊಟ್ಟಿರ್ಲಿಲ್ಲ. ಚೆಲ್ಲಿದ್ರು. ಬೇರೆ ಔಷಧಿ ತರಿಸ್ತಿದಾರೆ."

ಅವಳು ಅಲ್ಲೇ ಬಟ್ಟೆ ತುಂಡುಗಳ ರಾಶಿಯ ಮೇಲೆ ಕೂತಳು. ಅವನು ಬೈಯಬಹುದೆಂದು ಕಾದಳು.

"ಬಟ್ಟೆ ತಂದ್ಯಾ?" ಎಂದ.

"ಇಲ್ಲ."

"ಇರ್ಲಿ. ಬಾ ಮೊದ್ಲು."

ಎದ್ದು ಹೊರಡುವ ಮುಂಚೆ ಡಿಸ್ಕನ್ನು ಹೊರಗೆಳೆದು, ಕಿತ್ತಿಟ್ಟಿದ್ದ ಟೇಪನ್ನು ಕಚ್ಚಿನ ಮೇಲೆ ಅಂಟಿಸಲು ಹೋದಳು. ಅವಸರಕ್ಕೆ ಟೇಪು ಎರಡು ಸಲ ಸೊಟ್ಟಗೆ ಕೂತಿತು. ಅಕ್ಕ ಅದನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡಳು.

"ನೀನು ಹೋಗು," ಎಂದಳು. "ಬೀಗ ನಾನು ಹಾಕ್ತೀನಿ."