ಬಿಸಿ ಗಾಡಿಗೆ ಒದ್ದೆ ಗೋಣಿ

ಒಂದೇ ವಾರದಲ್ಲಿ ಎರಡು ಸಲ ಹಾಲು ಒಡೆದಿತ್ತು. ಮನೆಗಳಲ್ಲಿ ಕರೆದಾಗ ಅದು ಹಾಲೇ. ಗುಡ್ಡ ಹತ್ತಿ ಇಳಿದು ಆಚೆಯ ಹಾಲಿನ ಕೇಂದ್ರಕ್ಕೆ ಬರುವಷ್ಟರಲ್ಲಿ ಮಾತ್ರ ಹಾಲೂ ಅಲ್ಲದ, ಮೊಸರೂ ಅಲ್ಲದ ಏನೋ ಒಂದು. ಪರೀಕ್ಷೆ ಮಾಡುವ ಮೇಡಂ ಕ್ಯಾನು ತೆರೆದು ಮೂಸಿ, ಮುಖ ಸಿಂಡರಿಸಿ, "ಇನ್ನೊಂದು ಸಲ ಹೀಗಾದ್ರೆ ಈ ಕೆಲಸ ಬೇರೆಯವರಿಗೆ ಕೊಡ್ತೀನಿ. ಒಂಬತ್ತು ಗಂಟೆ ಒಳಗೆ ಬನ್ನಿ, ಹಾಲು ತನ್ನಿ" ಎಂದುಬಿಟ್ಟಿದ್ದರು.

ಹಾಲು ತರುವವನ ಹೆಸರು ಗೊತ್ತಣ್ಣ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಯಾರು ಏನು ಹೇಳಹೊರಟರೂ ಅರ್ಧದಲ್ಲೇ "ಗೊತ್ತು, ಗೊತ್ತು" ಎನ್ನುತ್ತಿದ್ದನಾದ್ದರಿಂದ ಊರಿನವರು ಈ ಹೆಸರನ್ನು ಖಾಯಂ ಮಾಡಿದ್ದರು. ಅವನ ಬಳಿ ಒಂದು ಎಟಿವಿ ಇತ್ತು. ಬೈಕಿನ ಹ್ಯಾಂಡಲ್ಲು, ನಾಲ್ಕು ದಪ್ಪ ಗಾಲಿ, ಕೆಸರಾಗಲಿ ಕಲ್ಲಾಗಲಿ ನುಗ್ಗುವ ಗಾಡಿ. ಆದರೆ ಇತ್ತೀಚೆಗೆ ಏರು ಬಂದರೆ ಸಾಕು, ಕೆಂಪು ದೀಪ ಹತ್ತಿ, ಇಂಜಿನ್ನು ಕಾದು, ಗಾಡಿ ನಿಂತುಬಿಡುತ್ತಿತ್ತು. ಗಾಡಿ ಬಿಸಿಲಲ್ಲಿ ನಿಂತಷ್ಟು ಹೊತ್ತು ಹಾಲೂ ನಿಲ್ಲಬೇಕಲ್ಲ.

"ರೀ, ಒಂದ್ಸಲ ಅತ್ತಿಗೆಗೆ ತೋರ್ಸೋಣ" ಎಂದಳು ಹೆಂಡತಿ. ಗೊತ್ತಣ್ಣನ ಅಕ್ಕ ಗುಡ್ಡದ ತಿರುವಿನಲ್ಲಿ ಪಂಪು, ಟ್ರ್ಯಾಕ್ಟರು ರಿಪೇರಿ ಮಾಡುವ ಶೆಡ್ಡು ಇಟ್ಟಿದ್ದಳು.

"ಗೊತ್ತು, ಗೊತ್ತು. ಅಕ್ಕನಿಗೆ ತೋರ್ಸಿದ್ರೆ ಮೊದಲು ನನಗೆ ಬೈತಾಳೆ, ಆಮೇಲೆ ಗಾಡಿ ನೋಡ್ತಾಳೆ. ನೀರಿನ ಮಡಕೆಗೆ ಒದ್ದೆ ಬಟ್ಟೆ ಸುತ್ತಿದ್ರೆ ನೀರು ತಣ್ಣಗಾಗುತ್ತೋ ಇಲ್ವೋ?"

"ಆಗುತ್ತೆ."

"ಮತ್ತೆ ಗಾಡಿ ಯಾಕೆ ಆಗಲ್ಲ?"

ಹೀಗೆ ಗಾಡಿಯ ಮುಂಭಾಗಕ್ಕೆ ಒದ್ದೆ ಗೋಣಿಚೀಲ ಬಂತು. ಅಂದು ಗಾಡಿ ಇನ್ನೂ ಬೇಗ ಕಾದುಹೋಯಿತು. ಗೋಣಿ ಸಾಲದಾಯಿತೆಂದು ಅವನು ಮಾರನೆಯ ದಿನ ಎರಡು ಕಟ್ಟಿದ. ಆ ಎರಡೂ ದಿನ ಹಾಲು ಹೇಗೋ ಒಡೆಯದೆ ಕೇಂದ್ರ ಸೇರಿತು. ಮೂರನೆಯ ದಿನ ಮೂರು ಗೋಣಿ ಹೊದ್ದ ಗಾಡಿಯ ಹಿಂದೆ ಕ್ಯಾನುಗಳನ್ನು ಹಿಡಿದು ಹೆಂಡತಿಯೂ ಕುಳಿತಳು. ಏರಿನ ಅರ್ಧದಲ್ಲಿ, ಸರಿಯಾಗಿ ಅಕ್ಕನ ಶೆಡ್ಡಿನ ಎದುರಿಗೇ, ಗೋಣಿಯ ಸಂದಿಯಿಂದ ಹೊಗೆಯಂತೆ ಆವಿ ಎದ್ದು ಗಾಡಿ ನಿಂತಿತು. ಗಂಟೆ ಏಳೂಕಾಲು.

ಗೊತ್ತಣ್ಣ ಹಾರಿ ಇಳಿದು, ಗೋಣಿ ಪಕ್ಕಕ್ಕೆ ಸರಿಸಿ, ಮುಂದಿನ ಪ್ಲಾಸ್ಟಿಕ್ ಹಲಗೆ ಬಿಚ್ಚಿ, ಇಂಜಿನ್ನು ತಣ್ಣಗಿಡುವ ನೀರಿರುವ ರೇಡಿಯೇಟರಿನ ಮುಚ್ಚಳದ ಮೇಲೆ ಬಟ್ಟೆ ಹಾಕಿ ಕೈಯಿಟ್ಟ. "ಬಾಟ್ಲಿ ತಾ. ತಣ್ಣೀರು ಹುಯ್ದರೆ ಎಲ್ಲಾ ಸರಿಹೋಗುತ್ತೆ." ಹೆಂಡತಿ ನೀರಿನ ಬಾಟಲಿ ಹಿಡಿದು ಮುಚ್ಚಳದ ಮೇಲೇ ಬಗ್ಗಿದಳು. ಅವನು ಮುಚ್ಚಳವನ್ನು ಒಂದಿಷ್ಟು ತಿರುಗಿಸಿದ.

ಹಿಂದಿನಿಂದ ಓಡಿಬಂದ ಅಕ್ಕ ಒಂದು ಕೈಯಲ್ಲಿ ತಮ್ಮನ ಕಾಲರು, ಇನ್ನೊಂದರಲ್ಲಿ ಅವನ ಹೆಂಡತಿಯ ಭುಜ ಹಿಡಿದು ಎಳೆದಳು. ಮೂವರೂ ಒಬ್ಬರ ಮೇಲೊಬ್ಬರು ಬಿದ್ದರು. ಮುಚ್ಚಳದ ಅಂಚಿನಿಂದ ಕುದಿಯುವ ನೀರು ಬುಸ್ಸೆಂದು ಆಳೆತ್ತರಕ್ಕೆ ಚಿಮ್ಮಿತು. ಹೆಂಡತಿಯ ಕೈಯಿಂದ ಜಾರಿ ಗಾಡಿಯ ಮೇಲೆ ಬಿದ್ದಿದ್ದ ಪ್ಲಾಸ್ಟಿಕ್ ಬಾಟಲಿ ನೋಡನೋಡುತ್ತಲೇ ಮುದುರಿಹೋಯಿತು. ಅವಳ ಮುಖ ಇದ್ದದ್ದು ಅದೇ ಜಾಗದಲ್ಲಿ.

ಗೊತ್ತಣ್ಣ ತೆವಳಿಕೊಂಡು ಹೆಂಡತಿಯ ಹತ್ತಿರ ಹೋಗಿ ಅವಳ ಮುಖ ಸವರಿ ನೋಡಿದ. ಹುಟ್ಟಿದಾರಭ್ಯ ಅವನು ಅಷ್ಟು ಹೆದರಿರಲಿಲ್ಲ.

"ಬಿಸಿ ಇರುವಾಗ ಒಳಗಿನ ನೀರು ಒತ್ತಡದಲ್ಲಿರುತ್ತೆ ಕಣೋ" ಎಂದಳು ಅಕ್ಕ, ಏದುಸಿರು ಬಿಡುತ್ತ. "ಮುಚ್ಚಳ ಸಡಿಲ ಆದ್ರೆ ಮುಖಕ್ಕೇ ಬರುತ್ತೆ. ಇಂಜಿನ್ನು ಆಫ್ ಮಾಡಿ ಕಾಯ್ಬೇಕು. ಅರ್ಧ ಗಂಟೆನೋ, ಮುಕ್ಕಾಲು ಗಂಟೆನೋ, ಕೈಗೆ ತಣ್ಣಗಾಗೋವರೆಗೂ."

"ಅಷ್ಟೊತ್ತು ಹಾಲು?" ಎಂದ ಗೊತ್ತಣ್ಣ.

ಅಕ್ಕ ಗೋಣಿಗಳನ್ನು ಬಿಚ್ಚಿದಳು. "ಇವನ್ನ ಕ್ಯಾನಿಗೆ ಸುತ್ತಿ ನೀರು ಚಿಮುಕಿಸಿ ನೆರಳಲ್ಲಿ ಇಡು. ಗೋಣಿ ಬೇಕಾಗಿದ್ದು ಹಾಲಿಗೆ. ಗಾಡಿಗೆ ಬೇಕಾಗಿದ್ದು ಗಾಳಿ. ನೀನು ಅದಕ್ಕೇ ಉಸಿರು ಕಟ್ಟಿಸಿದ್ದೀಯ."

ಹೆಂಡತಿ ಕ್ಯಾನುಗಳಿಗೆ ಗೋಣಿ ಸುತ್ತಿದಳು. ಗೊತ್ತಣ್ಣ ಎರಡು ನಿಮಿಷಕ್ಕೊಮ್ಮೆ ಗಾಡಿಯ ಹತ್ತಿರ ಹೋಗುವುದು, ಅಕ್ಕ ಕೆಮ್ಮಿದರೆ ವಾಪಸು ಬರುವುದು, ಇಷ್ಟೇ ಕೆಲಸ.

ಗಾಡಿ ತಣ್ಣಗಾದ ಮೇಲೆ ಅಕ್ಕ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು ಒಳಗೆ ಟಾರ್ಚು ಬಿಟ್ಟಳು. ರೇಡಿಯೇಟರಿನ ಸಣ್ಣ ಸಣ್ಣ ಸಂದಿಗಳಲ್ಲೆಲ್ಲ ಗೋಡೆಗೆ ಮೆತ್ತಿದ ಹಾಗೆ ಕೆಸರು, ಹುಲ್ಲು. ಅದರ ಹಿಂದಿನ ಫ್ಯಾನಿಗೆ ಗೋಣಿಯ ದಾರ ಸುತ್ತಿಕೊಂಡು ಅದು ಬೆರಳಲ್ಲಿ ತಳ್ಳಿದರೂ ಅಲುಗಾಡುತ್ತಿರಲಿಲ್ಲ.

"ದಿನಾ ತೊಳೀತೀನಿ ಅಕ್ಕ. ಕನ್ನಡಿ ಥರ ಹೊಳೀತಿದೆ ನೋಡು."

"ಕಾಣೋ ಕಡೆ ತೊಳೀತೀಯ. ಉಸಿರಾಡೋ ಕಡೆ ಯಾರು ತೊಳೀಬೇಕು?"

ಅವಳು ದಾರ ಬಿಡಿಸಿದಳು. ಹಿಂದಿನಿಂದ ಮುಂದಕ್ಕೆ, ಮೆಲ್ಲಗೆ ನೀರು ಬಿಟ್ಟು ಮೆದು ಬ್ರಶ್ಶಿನಿಂದ ಕೆಸರು ಇಳಿಸಿದಳು. ಜೋರು ನೀರು ಹೊಡೆದರೆ ಆ ಸಂದಿಗಳ ತೆಳು ತಗಡು ಮಡಚಿಕೊಂಡು, ಇರುವ ದಾರಿಯೂ ಮುಚ್ಚುತ್ತದೆಂದಳು. ಪೈಪುಗಳನ್ನು ಒತ್ತಿ ಸೋರಿಕೆ ನೋಡಿದಳು. ಮುಚ್ಚಳ ತೆರೆದರೆ ಒಳಗಿನದು ಚಹಾದ ಬಣ್ಣಕ್ಕೆ ತಿರುಗಿತ್ತು.

"ಇದಕ್ಕೆ ಏನು ಹಾಕ್ತಿದ್ದೆ?"

"ಹಳ್ಳದ ನೀರು" ಎಂದ ಗೊತ್ತಣ್ಣ, ತನಗೇ ಕೇಳಿಸದಷ್ಟು ಸಣ್ಣಗೆ.

"ಒಳಗೆಲ್ಲ ತುಕ್ಕು ಹಿಡಿದಿದೆ. ಇದಕ್ಕೆ ಅಂತಲೇ ಇಂಜಿನ್ನು ತಣ್ಣಗಿಡೋ ದ್ರವ, ಕೂಲೆಂಟ್, ಬರುತ್ತೆ, ಗಾಡಿ ಪುಸ್ತಕದಲ್ಲಿ ಬರೆದಿರುತ್ತೆ. ಓದಿದ್ದೀಯಾ?"

ಗೊತ್ತಣ್ಣ ಬಾಯಿ ತೆರೆದ. ನೆಲದ ಮೇಲಿನ ಮುದುರಿದ ಬಾಟಲಿ ಕಣ್ಣಿಗೆ ಬಿತ್ತು. "ಇಲ್ಲ ಅಕ್ಕ. ನೀನೇ ಹೇಳಿಕೊಡು" ಎಂದ. ಹೆಂಡತಿ ಅವನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು.

ಅಕ್ಕ ಕೊಳೆನೀರನ್ನು ಒಂದು ಡಬ್ಬಕ್ಕೆ ಇಳಿಸಿ, ಹೊಸ ಕೂಲೆಂಟ್ ತುಂಬಿ ಇಂಜಿನ್ನು ಹಚ್ಚಿದಳು. ಸ್ವಲ್ಪ ಹೊತ್ತಿಗೆ ಫ್ಯಾನು ತಾನಾಗಿಯೇ ತಿರುಗಿತು. ಕೆಂಪು ದೀಪ ಹತ್ತಲಿಲ್ಲ. ಇಬ್ಬರೂ ಕ್ಯಾನು ಏರಿಸಿ ಹೊರಟರು.

ಒಂಬತ್ತಕ್ಕೆ ಐದು ನಿಮಿಷವಿತ್ತು. ಮೇಡಂ ಕ್ಯಾನು ಮೂಸಿದರು, ಇನ್ನೊಮ್ಮೆ ಮೂಸಿದರು, ಪರೀಕ್ಷೆಯ ಕೊಳವೆಗೆ ಹಾಕಿ ನೋಡಿದರು. "ಇವತ್ತು ಹಾಲೇ ತಂದಿದ್ದೀರಲ್ಲ. ನಾಳೆನೂ ಬನ್ನಿ" ಎಂದರು. ಕೆಲಸ ಉಳಿಯಿತು. ಗೊತ್ತಣ್ಣ ಮಾತ್ರ ಹಾಲಿನ ಕಡೆ ನೋಡುತ್ತಿರಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತಿದ್ದ. ಆ ಮುಖ ಬೆಳಿಗ್ಗೆ ಇದ್ದ ಹಾಗೇ ಇತ್ತು, ಒಂದು ಗುಳ್ಳೆಯೂ ಇಲ್ಲದೆ.

ಅಣ್ಣಂದಿರೇ, ಅಕ್ಕಂದಿರೇ, ನಾಳೆ ಬೆಳಿಗ್ಗೆ ಕೀಲಿ ತಿರುಗಿಸುವ ಮೊದಲು ಒಂದು ನಿಮಿಷ ಬಗ್ಗಿ ನಿಮ್ಮ ಗಾಡಿಯ ಮುಂಭಾಗ ನೋಡಿ. ಕೆಸರಿದ್ದರೆ ಮೆಲ್ಲಗೆ ತೊಳೆಯಿರಿ, ಗಾಳಿಯ ದಾರಿಗೆ ಏನನ್ನೂ ಕಟ್ಟಬೇಡಿ, ಕೂಲೆಂಟ್ ಅದರ ಡಬ್ಬಿಯ ಮೇಲಿನ ಗೆರೆಯ ಮಟ್ಟಕ್ಕೆ ಇದೆಯೇ ಎಂದು ನೋಡಿಕೊಳ್ಳಿ. ಕೆಂಪು ದೀಪ ಹತ್ತಿದರೆ ಗಾಡಿ ನಿಲ್ಲಿಸಿ, ನೆರಳಲ್ಲಿ ಕೂತು ಕಾಯಿರಿ. ಎಷ್ಟೇ ಅವಸರವಿರಲಿ, ಬಿಸಿ ಮುಚ್ಚಳಕ್ಕೆ ಕೈ ಹಾಕಬೇಡಿ. ಆ ಹೊತ್ತಿನಲ್ಲಿ ನಿಮ್ಮ ಪಕ್ಕ ಬಗ್ಗಿ ನೋಡುತ್ತಿರುವವರು ನಿಮ್ಮ ಮನೆಯವರೇ ಆಗಿರುತ್ತಾರೆ.