ಊರೆಲ್ಲ ಓದಿದ ನಂಬರ್‌ಪ್ಲೇಟು

ನಾನು ಒಂದು ಸ್ಕೂಟರ್. ಗೇರಿಲ್ಲದ, ಗಿಣಿಹಸಿರು ಬಣ್ಣದ ಸ್ಕೂಟರ್. ಒಂದು ದೊಡ್ಡ ಕಾರ್ಖಾನೆಯಲ್ಲಿ ಹುಟ್ಟಿದೆ. ತಗಡು ಬಗ್ಗಿಸಿದವರು ಯಾರೋ, ಎಂಜಿನ್ ಕೂರಿಸಿದವರು ಯಾರೋ. ಹೆತ್ತವರು ಇಂಥವರೇ ಎಂದು ಹೇಳಲಾರೆ. ಕೊನೆಗೆ ಒಬ್ಬ ಹೆಣ್ಣುಮಗಳು ನನ್ನ ಹಾರ್ನ್ ಒತ್ತಿ ನೋಡಿ, ಸರಿಯಿದೆ ಎಂದು ಒಂದು ಚೀಟಿ ಅಂಟಿಸಿದಳು. ಅದೇ ನನ್ನ ಮೊದಲ ಅಳು ಎಂದುಕೊಳ್ಳಿ.

ಲಾರಿ ಹತ್ತಿ ಗದಗಿನ ಶೋರೂಮಿಗೆ ಬಂದೆ. ಕರಿ, ಬೂದಿ ಬಣ್ಣದ ಒಡಹುಟ್ಟಿದವರು ಬೇಗ ಬೇಗ ಮನೆ ಸೇರಿದರು. ನನ್ನ ಬಣ್ಣ ನೋಡಿ ಜನ ನಗುತ್ತಿದ್ದರು. ಮೂರು ತಿಂಗಳಾದ ಮೇಲೆ ಪ್ರಫುಲ್ಲಾ ಅಬ್ಬಿಗೇರಿ ಬಂದಳು. ಮೂವತ್ತರ ಆಸುಪಾಸಿನವಳು, ಬಗಲಲ್ಲಿ ಜೋಳಿಗೆ ಚೀಲ, ಬೆರಳಿಗೆ ಪೆನ್ನಿನ ಮಸಿ. ಊರಿನ ಒಂದು ದಿನಪತ್ರಿಕೆಯಲ್ಲಿ ಆಟೋಟದ ಸುದ್ದಿ ಬರೆಯುವ ಕೆಲಸ.

"ಇದ ಇರ್ಲಿ," ಅಂದಳು. "ಸ್ಟೇಡಿಯಂ ಮುಂದ ನೂರು ಗಾಡಿ ನಿಂತಿರ್ತಾವ. ನನ್ನ ಗಾಡಿ ದೂರಿಂದ ಗೊತ್ತಾಗಬೇಕು."

ಅವಳ ತಾಯಿ ಶಾಂತವ್ವ ನನ್ನ ಗಾಲಿಗೆ ನಿಂಬೆಹಣ್ಣು ಇಟ್ಟು, ಹ್ಯಾಂಡಲಿಗೆ ಕರಿದಾರ ಕಟ್ಟಿದರು. ಮನೆಯಲ್ಲಿ ಅವರಿಬ್ಬರೇ. ಪ್ರಫುಲ್ಲಾಳಿಗೆ ಮದುವೆಯಾಗಿರಲಿಲ್ಲ.

ಐದು ವರ್ಷ ಸುಖವಾಗಿ ಓಡಿದೆ. ಹಾಕಿ, ಕುಸ್ತಿ, ಖೋ ಖೋ, ಎಲ್ಲಿ ಆಟವೋ ಅಲ್ಲಿ ನಾವು. ಮೈದಾನದಲ್ಲಿ ಬರೆಯುವ ಹೆಂಗಸು ಅವಳೊಬ್ಬಳೇ. ಗಂಡಸು ವರದಿಗಾರರು ಕ್ರೀಡಾ ಮಂಡಳಿಯವರು ಹಾಕಿದ ಕುರ್ಚಿಯಲ್ಲಿ ಕೂತರೆ ಅವಳು ನನ್ನ ಸೀಟಿನ ಮೇಲೆ ವಹಿ ಇಟ್ಟು, ನಿಂತೇ ಬರೆಯುತ್ತಿದ್ದಳು. ಅವಳ ಪೆನ್ನಿನ ಒತ್ತು ನನಗೆ ತಿಳಿಯುತ್ತಿತ್ತು. ಒಳ್ಳೆಯ ಆಟ ಕಂಡ ದಿನ ಒತ್ತು ಜಾಸ್ತಿ.

ಆ ಊರಿಗೆ ಕಬಡ್ಡಿಯೆಂದರೆ ಫಕ್ಕೀರೇಶ ನರೇಗಲ್ಲ. ರಾಜ್ಯ ತಂಡದ ಕ್ಯಾಪ್ಟನ್. ಅವನು ಉಸಿರು ಹಿಡಿದು ಎದುರಾಳಿಗಳ ಅಂಕಣಕ್ಕೆ ನುಗ್ಗಿದರೆ ಗ್ಯಾಲರಿಯೇ ಉಸಿರು ಬಿಗಿ ಹಿಡಿಯುತ್ತಿತ್ತು. ಸರ್ಕಲ್ಲಿನಲ್ಲಿ ಅವನ ಆಳೆತ್ತರದ ಬ್ಯಾನರ್. ಹೆಂಡತಿ ಶಿವಲೀಲಾ, ಸರ್ಕಾರಿ ಶಾಲೆಯ ಟೀಚರ್. ಪ್ರಫುಲ್ಲಾ ಅವನ ಬಗ್ಗೆ ಎಷ್ಟೋ ಸಲ ಬರೆದಿದ್ದಳು. ಅವನ ಮೊಣಕಾಲಿಗೆ ಪೆಟ್ಟಾದ ವರ್ಷ ಸಂದರ್ಶನಕ್ಕೆ ಹೋದಳು. ಮತ್ತೆ ಹೋದಳು. ಆಮೇಲೆ ವಹಿ ಒಯ್ಯದೆಯೂ ಹೋದಳು.

ಒಂದು ಮಧ್ಯಾಹ್ನ ಅವನು ಹೆಲ್ಮೆಟ್ ಹಾಕಿಕೊಂಡು ನನ್ನ ಹಿಂದಿನ ಸೀಟಿನಲ್ಲಿ ಕೂತ. ಎಡಗಾಲು ಮಡಿಸುವಾಗ ಅವನು ತುಟಿ ಕಚ್ಚಿದ್ದು ನನಗೆ ಗೊತ್ತಾಯಿತು. ಕಪ್ಪತಗುಡ್ಡದ ದಾರಿಯಲ್ಲಿ ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿದರು. ಅಂಥ ಮಧ್ಯಾಹ್ನಗಳು ಎಂಟೊಂಬತ್ತು ತಿಂಗಳು ನಡೆದವು. ಅವರು ನಗುತ್ತಿದ್ದುದು ನಿಜ. ಸುಖವಾಗಿದ್ದುದೂ ನಿಜ. ಆದರೆ ಊರು ಹತ್ತಿರ ಬಂದಂತೆ ಪ್ರಫುಲ್ಲಾಳ ಕೈ ನನ್ನ ಹ್ಯಾಂಡಲನ್ನು ಬಿಗಿಯಾಗಿ ಹಿಡಿಯುತ್ತಿತ್ತು.

"ಮನ್ಯಾಗ ಹೇಳು, ಇಲ್ಲಾ ಇಲ್ಲಿಗೇ ಬಿಡೋಣು," ಅಂದಳು ಒಂದು ದಿನ. "ಶಿವಲೀಲಾ ಅವರು ಮೊನ್ನೆ ಪ್ಯಾಟ್ಯಾಗ ಸಿಕ್ಕು ನಕ್ರು. ನನಗ ತಿರುಗಿ ನಗಾಕ ಆಗಲಿಲ್ಲ."

"ಟೂರ್ನಮೆಂಟ್ ಒಂದು ಮುಗೀಲಿ," ಅಂದ ಅವನು. "ಮತ್ತ ಮೊಣಕಾಲು ಇನ್ನೂ ನೆಟ್ಟಗಾಗಿಲ್ಲಂತ ಬರೀಬ್ಯಾಡ. ತಂಡದಾಗಿಂದ ತಗೀತಾರ."

ಅವಳು ಬರೆಯಲಿಲ್ಲ.

ಟೂರ್ನಮೆಂಟಿನ ಸೆಮಿಫೈನಲ್ ನಮ್ಮೂರಲ್ಲೇ ನಡೆಯಿತು. ನಾನು ಸ್ಟೇಡಿಯಮ್ಮಿನ ಹೊರಗೆ ನಿಂತು ಸದ್ದಿನಿಂದಲೇ ಆಟ ಅಳೆಯುತ್ತಿದ್ದೆ. ಕೊನೆಯ ರೈಡ್. ಗುಲ್ಲು ಏರಿತು, ಏರಿತು, ಒಮ್ಮೆಲೇ ನಿಂತುಬಿಟ್ಟಿತು. ಫಕ್ಕೀರೇಶ ಮಧ್ಯಗೆರೆ ಮುಟ್ಟುವ ಮೊದಲೇ ಕಾಲು ಮಡಿಸಿ ಬಿದ್ದಿದ್ದ. ಒಂದೇ ಪಾಯಿಂಟಿನಿಂದ ಸೋತರು. ಆ ಮೌನದಲ್ಲಿ ಹೊರಗೆ ಬಂದ ಜನರ ಚಪ್ಪಲಿ ಸದ್ದು ಕೇಳಿಯೇ ನನಗೆ ಹೆದರಿಕೆಯಾಯಿತು.

ಮಾರನೇ ದಿನ ಬೆಳಗ್ಗೆ ಎಲ್ಲರ ಮೊಬೈಲಿಗೂ ಒಂದು ಫೋಟೋ ಬಂತು. ಬೇವಿನ ಮರ, ಅದರ ಕೆಳಗೆ ನಾನು, ನನ್ನ ಮೇಲೆ ಅವರಿಬ್ಬರು. ಅವನು ಹೆಲ್ಮೆಟ್ ತೆಗೆದಿದ್ದ. ಅವಳ ಮುಖ ಅರ್ಧ ಕಾಣುತ್ತಿತ್ತು. ನನ್ನ ನಂಬರ್‌ಪ್ಲೇಟು ಪೂರ್ತಿ ಕಾಣುತ್ತಿತ್ತು.

ಅಂದಿನಿಂದ ನಾನು ಸ್ಕೂಟರ್ ಆಗಿ ಉಳಿಯಲಿಲ್ಲ, ಗುರುತಾದೆ. ಸಿಗ್ನಲ್ಲಿನಲ್ಲಿ ನಿಂತರೆ ಹಿಂದಿನವನು ನಂಬರು ಓದುತ್ತಿದ್ದ. "ಏ, ಅದ ಗಾಡಿ!" ಬೈಕಿನವರು ಎರಡೂ ಬದಿಗೆ ಬಂದು ಹಾರ್ನ್ ಬಾರಿಸುತ್ತಿದ್ದರು. "ನಮ್ಮನ್ನೂ ಕಪ್ಪತಗುಡ್ಡಕ್ಕ ಬಿಡ್ತೀರೇನ್ರಿ ಮೇಡಂ?" ಪೆಟ್ರೋಲ್ ಹಾಕುವವನು ನಳಿಗೆ ಕೈಯಲ್ಲಿ ಹಿಡಿದೇ ಫೋಟೋ ತೆಗೆದ. ತರಕಾರಿ ಸಂತೆಯಲ್ಲಿ ನಿಲ್ಲಿಸಿ ಹೋದಾಗ ಯಾರೋ ಬೀಗದ ಕೈಯಿಂದ ನನ್ನ ಮಗ್ಗುಲಲ್ಲಿ ಒಂದು ಹೊಲಸು ಮಾತು ಗೀಚಿದರು. ಪ್ರಫುಲ್ಲಾ ಬಂದು ಓದಿದಳು. ಸೆರಗಿನಿಂದ ಒರೆಸಿದಳು. ಗೀಚಿದ್ದು ಒರೆಸಿದರೆ ಹೋಗುತ್ತದೆಯೇ?

ಟಿವಿಯಲ್ಲಿ ಅವಳಿಂದಲೇ ಪಂದ್ಯ ಸೋತೆವೆಂದರು. ಹತ್ತು ವರ್ಷ ಅವಳು ಬರೆದದ್ದೆಲ್ಲ ಒಬ್ಬ ಗಂಡಸಿಗಾಗಿ ಬರೆದದ್ದೆಂದರು. ಮೂರನೆಯ ದಿನ ಫಕ್ಕೀರೇಶನ ವಿಡಿಯೋ ಬಂತು. ಶಾಂತವ್ವನ ಮೊಬೈಲಿನಿಂದ ಅದರ ದನಿ ಅಂಗಳದವರೆಗೂ ಕೇಳಿಸಿತು. "ನನ್ನಿಂದ ತಪ್ಪಾಗೇತಿ. ಆಕಿನ ಸಂದರ್ಶನ, ಸಂದರ್ಶನ ಅಂತ ಬೆನ್ನು ಹತ್ತಿದ್ಲು. ನೀವು ನನ್ನ ಅಭಿಮಾನಿಗಳು, ನನ್ನ ದೇವರು." ಪಂದ್ಯ ಸೋತಾಗ ಇಳಿಸಿದ್ದ ಅವನ ಬ್ಯಾನರು ಸಂಜೆಯ ಹೊತ್ತಿಗೆ ಸರ್ಕಲ್ಲಿನಲ್ಲಿ ಮತ್ತೆ ಏರಿತು.

ಪ್ರಫುಲ್ಲಾ ನನ್ನ ಪಕ್ಕದ ಕಟ್ಟೆಯ ಮೇಲೆ ಕೂತಿದ್ದಳು. ಅಳಲಿಲ್ಲ.

"ಅವ್ವಾ, ಮಂದಿ ಬೈಯೋದು ಬ್ಯಾರೆ, ನಾ ಮಾಡಿದ ತಪ್ಪು ಬ್ಯಾರೆ," ಅಂದಳು. "ಒಬ್ಬ ಹೆಣ್ಮಗಳ ಮನಿಯೊಳಗ ಕೈ ಹಾಕಿದೆ, ಅದೊಂದು. ಅವನ ಮೊಣಕಾಲು ಕೆಟ್ಟದ್ದು ಗೊತ್ತಿದ್ದೂ ಬರೀಲಿಲ್ಲ, ಅದೊಂದು. ಎರಡನೇದ್ದನ್ನ ಯಾರೂ ಕೇಳವಲ್ಲರು."

"ಊಟ ಮಾಡು ಬಾ," ಅಂದರು ಶಾಂತವ್ವ. ಮಗಳ ಮೇಲೆ ಅವರಿಗೆ ಸಿಟ್ಟಿತ್ತು. ಆದರೂ ಎರಡು ತಾಟು ಬಡಿಸಿದ ಸದ್ದು ನನಗೆ ಕೇಳಿತು.

ಎಂಟನೆಯ ದಿನ ಪತ್ರಿಕೆಯ ಕಚೇರಿಯಿಂದ ಕರೆ ಬಂತು: ಗುರುತಿನ ಚೀಟಿ ಒಪ್ಪಿಸಿ ನಿಮ್ಮ ಸಾಮಾನು ಒಯ್ಯಿರಿ. ಬೆಳಗಿನ ಹನ್ನೊಂದು ಗಂಟೆ. ಅವಳು ನನ್ನನ್ನು ಕಚೇರಿಯ ಎದುರು ನಿಲ್ಲಿಸಿ ಒಳಗೆ ಹೋದಳು. ಎದುರಿನ ಚಹಾದಂಗಡಿಯಲ್ಲಿ ಇಬ್ಬರು ಎದ್ದು ನಿಂತರು. ಐದು ನಿಮಿಷಕ್ಕೆ ಇಪ್ಪತ್ತು ಜನ. ಹತ್ತು ನಿಮಿಷಕ್ಕೆ ರಸ್ತೆ ತುಂಬಿತು. ಅಭಿಮಾನಿ ಸಂಘದ ಅಧ್ಯಕ್ಷ, ಕೊರಳಲ್ಲಿ ಕೇಸರಿ ಶಾಲು, "ನಮ್ಮ ಶಿವಲೀಲಾ ಅಕ್ಕಗ ನ್ಯಾಯ ಬೇಕು!" ಎಂದು ಕೂಗಿದ. ನಾಲ್ಕು ಕೈ ಸೇರಿ ನನ್ನನ್ನು ಎಳೆದು ನಡುರಸ್ತೆಯಲ್ಲಿ ಕೆಡವಿದವು. ಕನ್ನಡಿ ಒಡೆಯಿತು. ಯಾರೋ ಸೀಟು ಮೀಟಿ ಎತ್ತಿ ಟ್ಯಾಂಕಿನ ಮುಚ್ಚಳ ತೆಗೆದ. ನನ್ನ ಹೊಟ್ಟೆಯ ಪೆಟ್ರೋಲು ಡಾಂಬರಿನ ಮೇಲೆ ಹರಿಯಿತು. ಅದರ ವಾಸನೆಗೆ ಜನ ಎರಡು ಹೆಜ್ಜೆ ಹಿಂದೆ ಸರಿದು ಸುತ್ತುಗಟ್ಟಿದರು. ಟಿವಿಯ ಕ್ಯಾಮೆರಾ ಮುಂದೆ ಬಂತು. ಬಿದ್ದಲ್ಲಿಂದ ನನಗೆ ಕಾಣುತ್ತಿದ್ದುದು ಕಾಲುಗಳು, ಬರೀ ಕಾಲುಗಳು. ಆಚೆ, ಕಚೇರಿಯ ಮೆಟ್ಟಿಲ ಮೇಲೆ, ರಟ್ಟಿನ ಡಬ್ಬಿ ಎದೆಗವುಚಿಕೊಂಡು ನಿಂತ ಪ್ರಫುಲ್ಲಾ. ಅವಳ ಹಿಂದೆ ಕಚೇರಿಯ ಬಾಗಿಲು ಮುಚ್ಚಿಕೊಂಡಿತು.

ಆಗ ಒಂದು ಕಾರು ಬಂತು. ಸಂಘದವರು ಶಿವಲೀಲಾರನ್ನು ಶಾಲೆಯಿಂದ ಕರೆತಂದಿದ್ದರು. ಸೀರೆಯ ಮೇಲೆ ಸೀಮೆಸುಣ್ಣದ ಪುಡಿ ಹಾಗೆಯೇ ಇತ್ತು. ಏನೆಂದು ಹೇಳಿ ಕರೆತಂದರೋ ಕಾಣೆ, ಕೆಳಗೆ ಬಿದ್ದ ನನ್ನನ್ನು ನೋಡಿ ಅವರು ತಟ್ಟನೆ ನಿಂತರು.

ಅಧ್ಯಕ್ಷ ಅವರ ಅಂಗೈಗೆ ಒಂದು ಬೆಂಕಿಪೊಟ್ಟಣ ಇಟ್ಟ. "ಅಕ್ಕಾರ, ನೀವ ಹಚ್ರಿ. ಇಡೀ ಊರು ನಿಮ್ಮ ಹಿಂದ ಐತಿ."

ಗದ್ದಲ ನಿಂತಿತು. ಶಿವಲೀಲಾ ಪೊಟ್ಟಣ ನೋಡಿದರು. ತೆರೆದರು. ಒಂದು ಕಡ್ಡಿ ತೆಗೆದರು. ಮೆಟ್ಟಿಲ ಮೇಲೆ ಪ್ರಫುಲ್ಲಾ ಕದಲಲಿಲ್ಲ. ಶಿವಲೀಲಾ ಕಡ್ಡಿಯನ್ನು ಪೊಟ್ಟಣದ ಮಗ್ಗುಲಿಗೆ ಒತ್ತಿ ಹಿಡಿದರು. ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಫೋಟೋದಾಗ ಈ ಗಾಡಿ ಮ್ಯಾಲೆ ಎಷ್ಟು ಮಂದಿ ಕುಂತಾರ?" ಎಂದು ಕೇಳಿದರು, ಮಕ್ಕಳಿಗೆ ಲೆಕ್ಕ ಕೇಳಿದ ಹಾಗೆ.

"ಇಬ್ಬರು, ಅಕ್ಕಾರ."

"ಇನ್ನೊಬ್ಬರ ಗಾಡಿ ನಮ್ಮ ಮನಿ ಮುಂದ ನಿಂತೈತಲ್ಲ. ಅದನ್ನ ಸುಡಾಕ ಯಾಕ ಬರಲಿಲ್ಲ?"

ಅಧ್ಯಕ್ಷ ಹಲ್ಲು ಕಿರಿದ. "ಅವರು ನಮ್ಮ ಕ್ಯಾಪ್ಟನ್ ಅಲ್ಲೇನ್ರಿ…"

"ನನಗ ಗಂಡ," ಅಂದರು ಶಿವಲೀಲಾ. "ಮೋಸ ಆಗಿದ್ದು ನನಗ. ಎಂಟು ದಿನ ಆತು, ನಿಮ್ಮೊಳಗ ಒಬ್ಬರರೆ ಬಂದು, ಊಟ ಆತೇನ್ರಿ ಅಂತ ಕೇಳೀರೇನು? ಪಂದ್ಯ ಸೋತ ಸಿಟ್ಟು ನಿಮಗ. ಅದನ್ನ ನನ್ನ ಹೆಸರಿಗೆ ಹಚ್ಚಬ್ಯಾಡ್ರಿ. ನನ್ನ ಸಿಟ್ಟು ನನ್ನ ಹಂತ್ಯಾಕ ಇರ್ಲಿ."

ಕಡ್ಡಿಯನ್ನು ಪೊಟ್ಟಣದೊಳಗೆ ಹಾಕಿ, ಪೊಟ್ಟಣವನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ಬಗ್ಗಿ ನನ್ನ ಹ್ಯಾಂಡಲ್ ಹಿಡಿದು ಎತ್ತಲು ನೋಡಿದರು. ನಾನು ಭಾರ, ಏಳಲಿಲ್ಲ. ಸುತ್ತ ಇದ್ದ ಅಷ್ಟು ಜನರಲ್ಲಿ ಒಬ್ಬರೂ ಕೈ ಹಚ್ಚಲಿಲ್ಲ. ಪ್ರಫುಲ್ಲಾ ಡಬ್ಬಿಯನ್ನು ಮೆಟ್ಟಿಲ ಮೇಲಿಟ್ಟು, ಜನರ ನಡುವೆ ನಡೆದು ಬಂದು, ಇನ್ನೊಂದು ಕಡೆ ಹಿಡಿದಳು. ಇಬ್ಬರೂ ಸೇರಿ ನನ್ನನ್ನು ನಿಲ್ಲಿಸಿದರು.

"ತಪ್ಪಾಗೇತ್ರಿ," ಅಂದಳು ಪ್ರಫುಲ್ಲಾ, ನನಗೆ ಮತ್ತು ಅವರಿಗೆ ಮಾತ್ರ ಕೇಳುವಂತೆ.

"ಹೌದು, ಆಗೇತಿ." ಶಿವಲೀಲಾ ಅವಳ ಮುಖ ನೋಡಲಿಲ್ಲ. "ನಿನ್ನ ಸಲುವಾಗಿ ಎತ್ತಲಿಲ್ಲ ನಾ. ಹೋಗು ಇಲ್ಲಿಂದ."

ಟ್ಯಾಂಕಿನಲ್ಲಿ ತಳದ ಹನಿ ಉಳಿದಿತ್ತು. ಕಿಕ್ಕರ್ ಸೊಟ್ಟಗಾಗಿತ್ತು. ನಾಲ್ಕನೆಯ ಒದೆತಕ್ಕೆ ಹೊತ್ತಿಕೊಂಡೆ. ಜನ ದಾರಿ ಬಿಟ್ಟರು. ಅವಳು ಮೆಟ್ಟಿಲ ಮೇಲಿನ ಡಬ್ಬಿ ತಂದು ಕಾಲ ಬಳಿ ಇಟ್ಟುಕೊಂಡು ಮನೆಯ ದಾರಿ ಹಿಡಿದಳು.

ಆಮೇಲಿನದ್ದು ಕೇಳಿ ತಿಳಿದದ್ದು. ವಾರ ಕಳೆಯುವುದರೊಳಗೆ ಊರು ಶಿವಲೀಲಾರ ಮೇಲೂ ತಿರುಗಿತು: ನಡುರಸ್ತೆಯಲ್ಲಿ ಗಂಡನ ಮಾನ ಕಳೆದಳಂತೆ. ಅವರು ಬೇರೆ ಮನೆ ಮಾಡಿದರು, ಶಾಲೆ ಬಿಡಲಿಲ್ಲ. ಫಕ್ಕೀರೇಶ ಆಟ ಬಿಟ್ಟು ಟಿವಿಯಲ್ಲಿ ಆಟದ ಬಗ್ಗೆ ಮಾತಾಡುವವನಾದ. ಪ್ರಫುಲ್ಲಾ ತಾಯಿಯೊಂದಿಗೆ ವಿಜಯಪುರಕ್ಕೆ ಹೋಗುವಾಗ ನನ್ನನ್ನು ಮುಂಡರಗಿಯ ಮಾಬುಸಾಬರಿಗೆ ಕೊಟ್ಟಳು. ಹೋಗುವ ಮುಂಚೆ ಸೀಟಿನ ಮೇಲೆ ಒಂದು ಸಲ ಕೈ ಆಡಿಸಿದಳು, ಅಷ್ಟೇ.

ಮಾಬುಸಾಬರು ನೀರೆತ್ತುವ ಮೋಟರ್ ರಿಪೇರಿಯವರು. ನನಗೆ ಬೂದಿ ಬಣ್ಣ ಬಳಿದು ಬೋಲ್ಟು ಬಿಚ್ಚುವ ಪಾನಾ, ತಾಮ್ರದ ತಂತಿ ಹೇರಿ ಆರು ವರ್ಷ ಹಳ್ಳಿ ಹಳ್ಳಿ ತಿರುಗಿಸಿದರು. ಒಂದು ದಿನ ಬುತ್ತಿ ಬಿಚ್ಚಲು ನನ್ನ ಮೇಲೆ ಹಾಸಿದ ಪೇಪರಿನಲ್ಲಿ ಹೆಣ್ಣುಮಕ್ಕಳ ಕಬಡ್ಡಿಯ ವರದಿಯಿತ್ತು, ಕೆಳಗೆ ಪ್ರಫುಲ್ಲಾ ಅಬ್ಬಿಗೇರಿ ಎಂಬ ಹೆಸರು. ಆಡುವ ಹುಡುಗಿಯೊಬ್ಬಳ ಭುಜದ ನೋವನ್ನು ಮಂಡಳಿ ಮುಚ್ಚಿಟ್ಟಿದೆ ಎಂದು ನೇರವಾಗಿ ಬರೆದಿದ್ದಳು. ಮಾಬುಸಾಬರು ಅದರ ಮೇಲೆ ರೊಟ್ಟಿ ಇಟ್ಟುಕೊಂಡು ಉಂಡರು. ನನಗೆ ಅಂದು ಆದ ಖುಷಿ ಯಾರಿಗೆ ಹೇಳಲಿ?

ಈಗ ಎಂಜಿನ್ ಕಳಚಿ, ಅಂಗಡಿಯ ಹಿಂದಿನ ತಗಡಿನ ಚಪ್ಪರದಲ್ಲಿ ನಿಂತಿದ್ದೇನೆ. ಗಿರಾಕಿಗಳಿಗೆ ನಾನು ಕೂರುವ ಬೆಂಚು. ಮೊನ್ನೆ ಒಬ್ಬ ಹಿರಿಯ ನನ್ನ ಮೇಲೆ ಕೂತು, ಒಳಗಿನ ಟಿವಿಯಲ್ಲಿ ಫಕ್ಕೀರೇಶನನ್ನು ಕಂಡು ಹೇಳಿದ: "ಇಂವನ ಸಲುವಾಗಿ ಒಂದಿನ ಗದಗಿನ್ಯಾಗ ಭಾರಿ ಗಲಾಟಿ ಆಗಿತ್ತು. ನಾನೂ ಹೋಗಿದ್ನಿ."

"ಏನಾಗಿತ್ತು?" ಅಂದರು ಮಾಬುಸಾಬರು, ತಂತಿ ಸುತ್ತುತ್ತ.

ಆತ ಚಹಾ ಗುಟುಕರಿಸಿದ. "ಯಾವಾಕಿನೋ ಪತ್ರಿಕೆಯಾಕಿ… ಹೆಸರು ನೆನಪಿಲ್ಲ. ಅವತ್ತ ಮಾತ್ರ ಮೈಯೆಲ್ಲ ಬೆಂಕಿ ಆಗಿತ್ತ ನೋಡು. ಯಾಕಂತ ಈಗ ಬಗಿಹರಿಯವಲ್ದು."

ಅಂದು ಬಿದ್ದಲ್ಲಿಂದ ನಾನು ಕಾಲುಗಳನ್ನಷ್ಟೇ ಕಂಡಿದ್ದೆ. ಅವುಗಳಲ್ಲಿ ಇವನ ಜೋಡಿ ಯಾವುದೋ ನನಗೆ ಗೊತ್ತಿಲ್ಲ, ಗೊತ್ತಾಗಬೇಕೆಂಬ ಹಟವೂ ಇಲ್ಲ. ಆ ಇಬ್ಬರು ಹೆಂಗಸರಿಗೆ ಅದು ಮರೆಯುವ ಮಾತಲ್ಲ. ಬದುಕೇ ಅಲ್ಲಿಂದ ಬೇರೆ ದಾರಿ ಹಿಡಿಯಿತು. ಕೂಗಿದವನಿಗೆ ಅದು ಒಂದು ಬೆಳಗು, ಅಷ್ಟೇ.

ಮೋಟರ್ ಸಿದ್ಧವಾಯಿತು. ಹಿರಿಯ ಚಹಾ ಮುಗಿಸಿ ನನ್ನ ಮೇಲಿಂದ ಎದ್ದ.