ಅಕ್ಕನಿಗೆ ಕಳಿಸಿದ ಫೋಟೋ

ಟಿಣ್.

ತಿಕೋಟಾದ ಆ ಓಣಿಯೆಲ್ಲ ಮಲಗಿದ ಹೊತ್ತಿನಲ್ಲಿ ದಿಂಬಿನ ಪಕ್ಕದ ಫೋನು ಒಂದೇ ಒಂದು ಸಲ ಸದ್ದು ಮಾಡಿತು. ವಿದ್ಯಾವತಿ ಎಚ್ಚರವಾಗಿಯೇ ಇದ್ದಳು. ಬೆನ್ನ ಮೇಲೆ ಎದ್ದ ಗುಳ್ಳೆಗಳ ಉರಿಗೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ. ವಿಜಯಪುರದ ಅಥಣಿ ರಸ್ತೆಯಲ್ಲಿ ಮನೆ ಮಾಡಿರುವ ಅವಳ ಅಕ್ಕ ನರ್ಸು. "ಒಂದು ಫೋಟೋ ತಗದು ಕಳಸು, ನೋಡಿ ಹೇಳತೀನಿ" ಎಂದಿದ್ದಳು. ವಿದ್ಯಾವತಿ ಕೋಣೆಯ ಬಾಗಿಲು ಹಾಕಿ, ಕುಪ್ಪಸ ಕಳಚಿ, ಕನ್ನಡಿಗೆ ಬೆನ್ನು ಮಾಡಿ, ಕತ್ತು ತಿರುಗಿಸಿ ಫೋಟೋ ತೆಗೆದಿದ್ದಳು. ಮುಖವೂ ಅದರಲ್ಲಿ ಬಿದ್ದಿತ್ತು. ನೋಡುವವಳು ಅಕ್ಕನೇ ತಾನೆ ಎಂದು ಹಾಗೆಯೇ ಕಳಿಸಿಬಿಟ್ಟಿದ್ದಳು.

ಈಗ ಅಕ್ಕನ ಮೆಸೇಜು ಬಂದಿತ್ತು: "ಎಲ್ಲೈತಿ ಫೋಟೋ? ಇನ್ನೂ ಬಂದಿಲ್ಲಲ್ಲ."

ವಿದ್ಯಾವತಿಯ ಎದೆ ಧಸಕ್ಕೆಂದಿತು. ಯಾರಿಗೆ ಹೋಗಿದೆ ಎಂದು ಹುಡುಕಿದಳು. "ಅಕ್ಕ" ಎಂದು ಬರೆದಾಗ ಎರಡು ಹೆಸರು ಬಂದಿದ್ದವು. ಒಂದು ಅಕ್ಕನದು. ಇನ್ನೊಂದು "ಅಕ್ಕನ ಬಳಗ", ಅವಳ ಸ್ವಸಹಾಯ ಸಂಘದ ವಾಟ್ಸಾಪ್ ಗುಂಪು. ಬರಿ ಬೆನ್ನಿನ ಫೋಟೋ ಅಲ್ಲಿ ಬಿದ್ದಿತ್ತು.

ಬಳಗದಲ್ಲಿ ಇರುವವರೆಲ್ಲ ಹೆಂಗಸರೇ, ನಿಜ. ಆದರೆ ಫೋನು? ಎಷ್ಟೋ ಮನೆಗಳಲ್ಲಿ ಅದು ಗಂಡನ ಕೈಯಲ್ಲಿ, ಮೈದುನನ ಕೈಯಲ್ಲಿ. ಆ ಗಂಡಸರಲ್ಲಿ ಹಲವರು ತನ್ನ ಗಂಡ ಸಿದ್ದರಾಮನ ಜೊತೆ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿನಲ್ಲಿ ದುಡಿಯುವವರು. ಫೋಟೋ ಒತ್ತಿ ಹಿಡಿದಳು. ಪರದೆ ಏನೋ ಕೇಳಿತು. ಓದದೆ ಕೈಗೆ ಸಿಕ್ಕಿದ್ದನ್ನು ಒತ್ತಿದಳು. ಫೋಟೋ ಮಾಯವಾಯಿತು. ಫೋನನ್ನೇ ಬಂದ್ ಮಾಡಿ ಬಟ್ಟೆಗಳ ಅಡಿಗೆ ತುರುಕಿದಳು.

ಬೆಳಕು ಹರಿಯುತ್ತಲೇ ಪಕ್ಕದ ಮನೆಯ ಸುರೈಯಾಳ ಬಾಗಿಲಿಗೆ ಹೋದಳು. ಸುರೈಯಾ ಬಿ.ಎಸ್ಸಿ. ಓದಿದವಳು, ಬಸ್ ನಿಲ್ದಾಣದ ಹತ್ತಿರ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ನಡೆಸುತ್ತಾಳೆ.

"ಅಳಿಸೀನಿ ಸುರೈಯಾ. ಫೋನೂ ಬಂದ್ ಮಾಡೀನಿ. ಹೋತಲ್ಲ ಅದು?"

ಸುರೈಯಾ ಫೋನು ಹಚ್ಚಿ ನೋಡಿದಳು.

"ವೈನಿ, 'ಎಲ್ಲರಿಗೂ ಅಳಿಸು' ಅನ್ನೂದು ಬಿಟ್ಟು 'ನನಗೆ ಮಾತ್ರ' ಅನ್ನೂದನ್ನ ಒತ್ತೀರಿ. ನಿಮ್ಮ ಮನಿ ಗ್ವಾಡಿ ಮ್ಯಾಲಿನ ಚಿತ್ರ ಅಷ್ಟ ತಗದೀರಿ. ಉಳದವರ ಗ್ವಾಡಿ ಮ್ಯಾಲ ಹಂಗ ಐತಿ."

"ಯಪ್ಪಾ! ಈಗೇನ ಮಾಡ್ಲಿ?"

"ಇನ್ನ ನಿಮ್ಮ ಫೋನಿನಿಂದ ಆಗಂಗಿಲ್ಲ. ಗುಂಪಿನ ಅಡ್ಮಿನ್ ತಗೀಬಹುದು, ಅದೂ ಲಗೂ ತಗೀಬೇಕು. ಯಾರದಾರ ಅಡ್ಮಿನ್?"

"ರುದ್ರವ್ವ ಕಾಕು."

ಇಬ್ಬರೂ ಮುಖ ಮುಖ ನೋಡಿಕೊಂಡರು. ರುದ್ರವ್ವ ಬಳಗದ ಅಧ್ಯಕ್ಷೆ. ಅವಳ ಕಿವಿಗೆ ಬಿದ್ದ ಸುದ್ದಿ ಮಧ್ಯಾಹ್ನದೊಳಗೆ ಅಷ್ಟು ದೂರದ ಬಬಲೇಶ್ವರದ ಊರನ್ನೂ ಮುಟ್ಟುತ್ತದೆ ಎಂದು ಬಳಗದವರೇ ನಗುತ್ತಿದ್ದರು.

ಇಬ್ಬರೂ ಅವಳ ಮನೆಗೆ ಹೋದಾಗ ರುದ್ರವ್ವ ರೊಟ್ಟಿ ಬಡಿಯುತ್ತಿದ್ದಳು. "ಕಾಕೂ, ನಿಮ್ಮ ಫೋನ ಸ್ವಲ್ಪ ಕೊಡ್ರಿ" ಎಂದಳು ಸುರೈಯಾ.

"ಯಾಕ ಬೇ, ನಿಮ್ಮವೇನ ಬಾವ್ಯಾಗ ಬಿದ್ದಾವು?"

ವಿದ್ಯಾವತಿ ಒಲೆಯ ಹತ್ತಿರ ಕುಕ್ಕರಿಸಿ, ಯಾರಿಗೂ ಕೇಳದ ಹಾಗೆ ನಡೆದದ್ದು ಹೇಳಿದಳು. ರುದ್ರವ್ವ ಹಿಟ್ಟಿನ ಕೈ ಒರೆಸಿಕೊಂಡಳು.

"ನನಗೇನೂ ಬಂದಿಲ್ಲ ಬಿಡು. ರಾತ್ರಿ ನೆಟ್ ಬಂದ್ ಮಾಡೇ ಮಲಗತೀನಿ. ಬಾಗಲಾ ಹಾಕಿದ ಮನಿಗೆ ಯಾರ ಬರತಾರ?"

"ಬಾಗಲಾ ಹಾಕಿದ್ರ ಟಪಾಲಿನಾಂವ ನಿಮ್ಮ ಕಾಗದ ಹರದು ಒಗೀತಾನೇನ್ರಿ?" ಎಂದಳು ಸುರೈಯಾ. "ಆಫೀಸಿನ್ಯಾಗ ಇಟ್ಟಿರತಾನ. ಇದೂ ಹಂಗ. ವೈನಿ ಕಳಿಸಿದ್ದು ಅವರ ಮನಿಯಿಂದ ಸೀದಾ ನಿಮ್ಮ ಮನಿಗೆ ಹಾರಿ ಬರಂಗಿಲ್ಲ. ಮೊದಲ ಟವರಿಗೆ, ಅಲ್ಲಿಂದ ನೆಲದಾಗ ಹುಗದ ಕೇಬಲ್ ಹಿಡದು, ಎಲ್ಲೋ ದೂರದ ದೊಡ್ಡ ಕಂಪ್ಯೂಟರಿಗೆ ಹೋಗತೈತಿ. ಅದಕ್ಕ ಸರ್ವರ್ ಅಂತಾರ. ನಿಮ್ಮ ನೆಟ್ ಹಚ್ಚೂತನಾ ಅಲ್ಲೇ ಕಾಯಕೋತ ಕುಂತಿರತೈತಿ."

"ಇಡೀ ಫೋಟೋ ಆ ಸಣ್ಣ ವೈರಿನ್ಯಾಗ ಹ್ಯಾಂಗ ತೂರತೈತಿ?"

"ತುಂಡ ತುಂಡ ಆಗಿ ಹೋಗತೈತಿ. ಶೆಡ್ಡಿನ್ಯಾಗ ಮಣೂಕದ ಬಾಕ್ಸಿಗೆ ನಂಬರ ಹಾಕಿ ಬ್ಯಾರೆ ಬ್ಯಾರೆ ಗಾಡಿಯಾಗ ಹೇರತಾರಲ್ರಿ, ಪ್ಯಾಟ್ಯಾಗ ನಂಬರ ನೋಡಿ ಮತ್ತ ಹೊಂದಸ್ತಾರ, ಹಂಗ. ದಾರ್ಯಾಗ ಬೀಗ ಇರತೈತಿ, ಯಾರೂ ನೋಡಂಗಿಲ್ಲ. ಆದ್ರ ಬೀಗ ತಗದಾಗ ಆ ಫೋನ ಯಾರ ಕೈಯಾಗ ಐತಿ, ಅದನ್ನ ಯಾವ ಕಂಪ್ಯೂಟರೂ ಕೇಳಂಗಿಲ್ಲ."

ವಿದ್ಯಾವತಿಗೆ ಅಲ್ಲಿ ಕೂರಲಾಗುತ್ತಿರಲಿಲ್ಲ. ಈ ಹೊತ್ತಿಗೆ ಯಾರ ಮನೆಯಲ್ಲಿ ಯಾರು ಚಹಾ ಕುಡಿಯುತ್ತ ಫೋನು ತೆರೆದಿದ್ದಾರೋ. ರುದ್ರವ್ವನಿಗೋ ಕೇಳುವ ಹುರುಪು.

"ಮತ್ತ ನಮ್ಮ ಮೊಮ್ಮಗಳು ರಿಸಲ್ಟ್ ನೋಡತಾಳಲ್ಲ, ಅದೂ ಇದ ಏನ?"

"ರಸ್ತಾ ಅದ ರಿ, ಕೆಲಸ ಬ್ಯಾರೆ. ಇಂಟರ್ನೆಟ್ ಅಂದ್ರ ರಸ್ತಾ. ವೆಬ್‌ಸೈಟ್ ಅಂದ್ರ ಆ ರಸ್ತಾದ ಮ್ಯಾಲಿನ ಅಂಗಡಿ. ನಾವ ಹೋಗಿ 'ಇದನ್ನ ತೋರಸ್ರಿ' ಅಂತ ಕೇಳತೀವಿ, ಅದರ ನಕಲು ನಮ್ಮ ಫೋನಿಗೆ ಬರತೈತಿ. ಇಲ್ಲಿ ನಡಿಯೋದೆಲ್ಲ ನಕಲು. ಒಂದು ಕಳಿಸಿದ್ರ ಎಷ್ಟು ಫೋನು ಅದಾವೋ ಅಷ್ಟು."

"ಕಾಕೂ, ನಿಮ್ಮ ಕಾಲಿಗೆ ಬೀಳತೀನಿ, ಮೊದಲ ನೆಟ್ ಹಚ್ಚರಿ" ಎಂದಳು ವಿದ್ಯಾವತಿ. ಅವಳ ಕಣ್ಣು ತುಂಬಿದ್ದವು.

ರುದ್ರವ್ವ ನೆಟ್ ಹಚ್ಚಿದಳು. ರಾತ್ರಿಯೆಲ್ಲ ಕಾದು ನಿಂತಿದ್ದ ಮೆಸೇಜುಗಳು ಒಂದರ ಹಿಂದೊಂದು ಇಳಿದವು. ಅವುಗಳ ನಡುವೆ ಆ ಫೋಟೋ. ರುದ್ರವ್ವ ಕಣ್ಣು ಕಿರಿದು ಮಾಡಿ ನೋಡಿದಳು. ವಿದ್ಯಾವತಿ ತಲೆ ತಗ್ಗಿಸಿ ನಗೆಗೋ ಕೊಂಕಿಗೋ ಕಾದಳು.

"ಯವ್ವಾ, ಎಷ್ಟ ಉರದಿರಬೇಕ ಇದು" ಎಂದಳು ರುದ್ರವ್ವ ಸಣ್ಣ ದನಿಯಲ್ಲಿ. "ಮನ್ನೆ ಸಂಘದಾಗ ನನ್ನ ಬಾಜೂಕ ಕುಂತಿದ್ದಿ. ಒಂದ ಮಾತ ಅನ್ಲಿಲ್ಲಲ್ಲ ಬೇ."

ಸುರೈಯಾ ತೋರಿಸಿದಲ್ಲಿ ರುದ್ರವ್ವನೇ ಒತ್ತಿದಳು: ಎಲ್ಲರಿಗೂ ಅಳಿಸು. ಫೋಟೋ ಇದ್ದ ಜಾಗದಲ್ಲಿ ಅಡ್ಮಿನ್ ಇದನ್ನು ಅಳಿಸಿದ್ದಾರೆ ಎಂಬ ಸಾಲು ಉಳಿಯಿತು.

"ಈಗ ಪೂರಾ ಹೋತೇನ?" ವಿದ್ಯಾವತಿ ಕೇಳಿದಳು.

ಸುರೈಯಾ ಸುಳ್ಳು ಹೇಳಲಿಲ್ಲ. "ಗುಂಪಿನಿಂದ ಹೋತ್ರಿ. ಅಷ್ಟರಾಗ ಯಾರರೆ ಉಳಿಸಿಕೊಂಡಿದ್ರ, ಮುಂದ ಕಳಿಸಿದ್ರ, ಅದು ನಮ್ಮ ಕೈಯಾಗಿಲ್ಲ. ಬಹಳ ಮಂದಿ ಮಲಗಿದ್ರು. ಹೆಚ್ಚಿನವರು ನೋಡಿರಲಿಕ್ಕಿಲ್ಲ."

ಇರಲಿಕ್ಕಿಲ್ಲ. ಆ ಮಾತನ್ನೇ ವಿದ್ಯಾವತಿ ಮನಸ್ಸಿನಲ್ಲಿ ತಿರುಗಿಸಿ ಹಾಕುತ್ತಿರುವಾಗ ಗುಂಪಿನಲ್ಲಿ ಬಳಗದ ಸದಸ್ಯೆ, ಬಬಲೇಶ್ವರದ ಹೊಳೆವ್ವನ ದನಿ ಮೆಸೇಜು ಬಂತು: "ಅಧ್ಯಕ್ಷರ, ಏನ ಅಳಿಸೀರಿ? ವಿದ್ಯಾವತಿ ಏನ ಹಾಕಿದ್ಲು? ನಮಗೂ ಹೇಳ್ರಿ."

ರುದ್ರವ್ವನಿಗೆ ಇಂಥ ಪ್ರಶ್ನೆ ಎಂದರೆ ಹಬ್ಬ. ಫೋನನ್ನು ಬಾಯಿಯ ಹತ್ತಿರ ಹಿಡಿದಳು.

"ತಪ್ಪಿ ಬಂದದ್ದು ಹೊಳೆವ್ವಾ. ನಿನ್ನ ಫೋನಿಗೂ ಬಂದಿದ್ರ ತಗದ ಒಗಿ. ಕೇಳಬ್ಯಾಡ."

ಒಳಗಿನಿಂದ ಸೊಸೆ ಇಣುಕಿದಳು. "ಅತ್ತೀ, ಏನದು?"

ರುದ್ರವ್ವ ವಿದ್ಯಾವತಿಯ ಮುಖ ನೋಡಿದಳು. ಆಮೇಲೆ ಹಿಟ್ಟಿಗೆ ಕೈ ಹಾಕಿದಳು. "ಏನಿಲ್ಲವಾ. ಹಂಚಿನ ಮ್ಯಾಲ ರೊಟ್ಟಿ ಹೊತ್ತಾಕತ್ತೈತಿ, ಅದನ್ನ ನೋಡು."

ಅಂದು ಮಧ್ಯಾಹ್ನ ಕಳೆಯಿತು, ಸಂಜೆಯಾಯಿತು. ರುದ್ರವ್ವನ ಬಾಯಿಂದ ಬಬಲೇಶ್ವರಕ್ಕೆ ಬೇರೆ ಯಾವ ಸುದ್ದಿಯೂ ಹೋಗಲಿಲ್ಲ.

ಇದನ್ನು ಓದುವ, ಕೇಳುವ ಅಕ್ಕತಂಗಿಯರೇ, ಫೋನು ಬಂದ್ ಮಾಡಿದರೆ ಕಳಿಸಿದ್ದು ನಿಲ್ಲುವುದಿಲ್ಲ. ಕಳಿಸುವ ಮುನ್ನ ಮೇಲಿರುವ ಹೆಸರನ್ನು ಪೂರ್ತಿ ಓದಿ. ಮೈಯ ಚಿತ್ರವಿದ್ದರೆ ಮುಖ ಬಾರದಂತೆ ನೋಡಿಕೊಳ್ಳಿ. ಆಗುವುದಾದರೆ ಆಸ್ಪತ್ರೆಗೇ ಹೋಗಿ ತೋರಿಸಿ. ಕೈ ತಪ್ಪಿದರೆ ಹೆದರಿ ಅಡಗಬೇಡಿ, ಕೂಡಲೇ "ಎಲ್ಲರಿಗೂ ಅಳಿಸು" ಎಂಬುದನ್ನು ಒತ್ತಿ. ಆಗದಿದ್ದರೆ ಗುಂಪಿನ ಅಡ್ಮಿನ್ ಹತ್ತಿರ ಓಡಿ. ಇನ್ನೊಬ್ಬರದು ತಪ್ಪಿ ನಿಮ್ಮ ಕೈಗೆ ಬಂದರೆ, ಅದರ ದಾರಿ ನಿಮ್ಮಲ್ಲೇ ಮುಗಿಯಲಿ. ಅಳಿಸಿಬಿಡಿ. ಯಾರು ಕೇಳಿದರೂ ಹೇಳಬೇಡಿ.